ಟ್ರೈನರಿಗೆ ತಿಂಗಳಿಗೆ 5 ಸಾವಿರ: ಕೊಡ್ಬೇಕಾ, ಬೇಡ್ವಾ?

ಬಸ್ಸಲ್ಲಿ ಕೇಳ್ತಾ ಇದ್ರೆ ಇಯರ್‌ಫೋನ್ ಹಾಕ್ಕೊಳ್ಳಿ, ಪಕ್ಕದ ಸೀಟಿನವರಿಗೆ ಬೆಳಿಗ್ಗೆ ಬೆಳಿಗ್ಗೆ ಜಿಮ್ ವಿಷಯ ಬೇಡ.

ಈ ವಾರ ಬಂಟ್ವಾಳದಿಂದ ಒಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ. ಹೆಸರು ಹೇಳೋದು ಬೇಡ ಅಂದಿದ್ದಾರೆ. ವಯಸ್ಸು 26, ಬಿ.ಸಿ. ರೋಡಲ್ಲಿ ಆಫೀಸ್ ಕೆಲಸ, ಸಂಬಳ 18 ಸಾವಿರ. ರಕ್ತ ಪರೀಕ್ಷೆಯಲ್ಲಿ ಶುಗರ್ ಬಾರ್ಡರಿಗೆ ಬಂದಿದೆ, ಮನೆಯಲ್ಲಿ ಅಮ್ಮನಿಗೂ ಶುಗರ್ ಉಂಟು. ಮಾತ್ರೆ ಈಗ ಬೇಡ, ಮೊದಲು ವ್ಯಾಯಾಮ ಶುರು ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಎರಡು ಸಲ ಜಿಮ್‌ಗೆ ಸೇರಿ ಎರಡು ಸಲವೂ ಬಿಟ್ಟಾಗಿದೆ. ಈಗ ಪರ್ಸನಲ್ ಟ್ರೈನರ್ ಇಟ್ಟುಕೊಂಡ್ರೆ ಮಾತ್ರ ಸರಿಯಾಗ್ತದೆ, ಜಿಮ್ ಫೀಸ್ ಬಿಟ್ಟು ತಿಂಗಳಿಗೆ 5 ಸಾವಿರ ಅಂತ ಹೇಳ್ತಿದ್ದಾರಂತೆ. ಅವರ ಪ್ರಶ್ನೆ ಇಷ್ಟೇ: "ನನಗೆ ಮೋಟಿವೇಶನ್ ಇಲ್ಲ. ದುಡ್ಡು ಕೊಟ್ರೆ ಬರ್ತದಾ?"

ನಾನು ಬಿಕಾಂ ಮಾಡಿದವ, ಹಾಗಾಗಿ ಮೊದಲು ಲೆಕ್ಕ. ತಿಂಗಳಿಗೆ 5 ಸಾವಿರ ಅಂದ್ರೆ ವರ್ಷಕ್ಕೆ 60 ಸಾವಿರ. ಅಂದ್ರೆ ಇವರ ಮೂರು ತಿಂಗಳ ಸಂಬಳಕ್ಕಿಂತ ಜಾಸ್ತಿ. ತಿಂಗಳಿಗೆ 12 ಕ್ಲಾಸ್ ಹೋದ್ರೆ ಒಂದಕ್ಕೆ ಸುಮಾರು 417 ರೂಪಾಯಿ. ಮದುವೆ, ಕೋಲ, ಆಫೀಸಿನ ಮಾರ್ಚ್ ಎಂಡಿಂಗ್ ಅಂತ ಐದೇ ಕ್ಲಾಸಿಗೆ ಹೋದ್ರೆ ಒಂದಕ್ಕೆ 1,000.

ದುಡ್ಡು ಕೊಟ್ಟರೆ ಹೊಟ್ಟೆ ಉರಿದಾದ್ರೂ ಹೋಗ್ತೇವೆ ಅಂತ ನಮಗೆಲ್ಲ ಒಂದು ನಂಬಿಕೆ ಉಂಟಲ್ವಾ? ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು ಅಲ್ಲಿನ ಮೂರು ಜಿಮ್‌ಗಳ ಹಾಜರಿ ಲೆಕ್ಕ ತೆಗೆದು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟಿದವರು ತಿಂಗಳಿಗೆ ಸರಾಸರಿ 4.3 ಸಲ ಮಾತ್ರ ಹೋಗಿದ್ರು. ಒಂದು ಸಲಕ್ಕೆ 17 ಡಾಲರ್ ಮೇಲೆ ಬಿತ್ತು. ಅದೇ ಜಿಮ್‌ನಲ್ಲಿ ಹತ್ತು ಸಲದ ಪಾಸ್ ತೆಗೊಂಡ್ರೆ ಒಂದು ಸಲಕ್ಕೆ 10 ಡಾಲರ್ ಸಾಕಿತ್ತು! ಫೀಸ್ ಕಟ್ಟಿದ ಕೂಡ್ಲೇ ಅರ್ಧ ವ್ಯಾಯಾಮ ಮುಗಿದ ಹಾಗೆ ಮನಸ್ಸಿಗೆ ಅನಿಸಿಬಿಡ್ತದೆ ಮಾರ್ರೆ.

ಆದ್ರೆ ಟ್ರೈನರ್ ಅಂದ್ರೆ ಬರೀ ಫೀಸ್ ಅಲ್ಲ, ಅಲ್ಲಿ ಒಬ್ಬ ಮನುಷ್ಯ ಕಾಯ್ತಾ ಇರ್ತಾನೆ. ಅದು ಬೇರೆ ವಿಷಯ, ಒಪ್ತೇನೆ. ನನ್ನ ಪ್ರಕಾರ ಟ್ರೈನರ್ ಎರಡು ಸಾಮಾನು ಮಾರ್ತಾರೆ. ಒಂದು, ನಿಮ್ಮ ಬೆನ್ನು ಎಲ್ಲಿ ತಪ್ಪಾಗಿ ಬಗ್ತಾ ಉಂಟು ಅಂತ ನೋಡುವ ಕಣ್ಣು. ಇನ್ನೊಂದು, ಆರು ಗಂಟೆಗೆ ಬಂದಿಲ್ಲ ಯಾಕೆ ಅಂತ ಕೇಳುವ ಬಾಯಿ. ಎರಡಕ್ಕೂ ಒಂದೇ ರೇಟು ಹಾಕಿ ಒಂದೇ ಪ್ಯಾಕೇಜಲ್ಲಿ ಕೊಡ್ತಾರೆ.

ಕಣ್ಣಿಗೆ ಬೆಲೆ ಉಂಟು. ನಮ್ಮ ಬೆಳ್ತಂಗಡಿ ತಾಲೂಕಿನ ಉಜಿರೆಯದ್ದೇ ಕತೆ ತೆಗೊಳ್ಳಿ. ಕುಂದಾಪುರ ಕಡೆಯ ವಂಡ್ಸೆಯ ಗುರುರಾಜ ಪೂಜಾರಿ, ತಂದೆ ಲಾರಿ ಡ್ರೈವರ್. 2008ರ ಬೀಜಿಂಗ್ ಒಲಿಂಪಿಕ್ಸಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದು ನೋಡಿ ಕುಸ್ತಿ ಹುಚ್ಚು ಹಿಡಿದಿತ್ತು. 2010ರಲ್ಲಿ ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದ್ರು. ಅಲ್ಲಿನ ಕೋಚ್ ರಾಜೇಂದ್ರ ಪ್ರಸಾದ್ ಅವರನ್ನು ನೋಡಿ, ಕುಸ್ತಿ ಬಿಡು, ಭಾರ ಎತ್ತು ಅಂದ್ರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸಲ್ಲಿ ಭಾರತದ ಮೊದಲ ಪದಕ ಇವರದ್ದೇ: 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ. 2022ರಲ್ಲಿ ಬರ್ಮಿಂಗ್‌ಹ್ಯಾಮಲ್ಲಿ ಕಂಚು. ನೋಡಿ, ಛಲ ಮನೆಯಿಂದಲೇ ಬಂದಿತ್ತು. ಕೋಚ್ ಕೊಟ್ಟದ್ದು ದಾರಿ. ನಾವು ಉಲ್ಟಾ ಮಾಡ್ತೇವೆ, ದಾರಿ ಯೂಟ್ಯೂಬಲ್ಲಿ ನೋಡ್ತೇವೆ, ಛಲ ಬಾಡಿಗೆಗೆ ತೆಗೊಳ್ತೇವೆ.

ಹಾಗಂತ ಹೊರಗಿನವರು ಎಳೆದ್ರೆ ಏನೂ ಆಗುದಿಲ್ಲ ಅಂತಲ್ಲ. ಮೂಡುಬಿದಿರೆ ಹತ್ರದ ಮಿಜಾರಿನ ಶ್ರೀನಿವಾಸ ಗೌಡ್ರು 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ 142.5 ಮೀಟರ್ 13.62 ಸೆಕೆಂಡಲ್ಲಿ ಓಡಿದ್ದು ನೆನಪುಂಟಲ್ವಾ? ದೇಶವೇ ಉಸೇನ್ ಬೋಲ್ಟ್ ಅಂತ ಕುಣಿದಾಗ, ಅವರು ಮಾತ್ರ ಕೋಣಗಳಿಗೂ ಪಾಲು ಕೊಟ್ರು. ಎಳೆಯುವವರಿದ್ರೆ ವೇಗ ಬರ್ತದೆ. ಆದ್ರೆ ಕೋಣ ಸಾಕುವ ಖರ್ಚು ಎಷ್ಟು ಅಂತ ಯಜಮಾನರನ್ನು ಕೇಳಿ.

ಈಗ ಅವರ ಪ್ರಶ್ನೆಗೆ ಬರ್ತೇನೆ. ಇಡೀ ವರ್ಷಕ್ಕೆ ಟ್ರೈನರ್ ಬೇಡ. ಎಂಟು ಕ್ಲಾಸ್ ಮಾತ್ರ ಕೇಳಿ. ಮೊದಲ ಎರಡು ವಾರ ವಾರಕ್ಕೆ ಎರಡು, ಆಮೇಲೆ ಹದಿನೈದು ದಿನಕ್ಕೆ ಒಂದು. ಹತ್ತು ವಾರ ಹೋಗ್ತದೆ. ಮಧ್ಯದ ದಿನಗಳಲ್ಲಿ ಹೇಳಿಕೊಟ್ಟದ್ದನ್ನು ನೀವೇ ಮಾಡಿ, ಮುಂದಿನ ಕ್ಲಾಸಲ್ಲಿ ತೋರಿಸಿ. ಆಗುದಿಲ್ಲ, ಆರು ತಿಂಗಳ ಪ್ಯಾಕೇಜ್ ಮಾತ್ರ ಅಂದ್ರೆ ಎದ್ದು ಬನ್ನಿ.

"ಬಂದಿಲ್ಲ ಯಾಕೆ" ಅಂತ ಕೇಳುವ ಬಾಯಿ ಮಾತ್ರ ಫ್ರೀಯಾಗಿ ಸಿಗ್ತದೆ. ಅಮ್ಮನಿಗೂ ಶುಗರ್ ಉಂಟಲ್ಲ, ಡಾಕ್ಟರನ್ನು ಒಂದು ಮಾತು ಕೇಳಿ ಅಮ್ಮನನ್ನೇ ಕರ್ಕೊಂಡು ಹೋಗಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥದ್ದು, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ನಡಿಗೆಗೆ ಟ್ರೈನರ್ ಯಾಕೆ? ಮೂಡುಬಿದಿರೆಯವರಿಗೆ ಸ್ವರಾಜ್ ಮೈದಾನ ಉಂಟು, ಬಂಟ್ವಾಳದವರಿಗೆ ಭಾನುವಾರ ಕಾರಿಂಜದ ಮೆಟ್ಟಿಲು ಉಂಟು. ಬೆಳ್ತಂಗಡಿಯವರೇ, ಗಡಾಯಿಕಲ್ಲು ದಿನಾ ಹತ್ತುವ ಜಾಗ ಅಲ್ಲ, ನೀವು ಅಡಿಕೆ ತೋಟದಲ್ಲೇ ನಡೀರಿ.

ಇಲ್ಲಿ ಒಂದು ವಿಷಯ ಗಂಡಸರಿಗೆ ಅರ್ಥ ಆಗುದು ಸ್ವಲ್ಪ ಕಷ್ಟ. ವಾಯ್ಸ್ ನೋಟಿನ ಕೊನೆಗೆ ಅವರು ಮೆಲ್ಲ ಒಂದು ಮಾತು ಹೇಳಿದ್ದಾರೆ: ಸಂಜೆ ಹೊತ್ತು ಜಿಮ್ ತುಂಬ ಹುಡುಗರು, ತೂಕ ಎತ್ತುವ ಕಡೆ ಹೋಗ್ಲಿಕ್ಕೇ ಮುಜುಗರ, ಹಾಗಾಗಿ ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ನಡೆದು ವಾಪಸ್ ಬರ್ತಿದ್ದೆ ಅಂತ. ಇದು ಮೋಟಿವೇಶನ್ ಸಮಸ್ಯೆಯೇ ಅಲ್ಲ ಅಲ್ವಾ? ಎರಡು ಸಲ ಬಿಟ್ಟದ್ದಕ್ಕೆ ಅವರು ತನ್ನನ್ನೇ ಸೋಮಾರಿ ಅಂತ ಬೈಕೊಳ್ತಿದ್ದಾರೆ. ಪಕ್ಕದಲ್ಲಿ ನಿಂತು, ಇದು ಹೀಗೆ ಹಿಡೀರಿ ಅಂತ ಹೇಳುವ ಲೇಡಿ ಟ್ರೈನರ್ ಸಿಕ್ಕಿದ್ರೆ ಆ ಎಂಟು ಕ್ಲಾಸಿನ ದುಡ್ಡಿಗೆ ಚೌಕಾಸಿ ಮಾಡ್ಬೇಡಿ. ಸೇರುವ ಮೊದಲು ಲೇಡೀಸ್ ಟೈಮಿಂಗ್ ಉಂಟಾ, ಅದು ನಿಮ್ಮ ಬಸ್ಸಿಗೆ ಸರಿ ಹೋಗ್ತದಾ ನೋಡಿ.

ಟ್ರೈನರ್ ಅಂತ ಹೇಳಿಕೊಳ್ಳಲಿಕ್ಕೆ ಡಾಕ್ಟರ ಹಾಗೆ, ಸಿಎ ಹಾಗೆ ಲೈಸನ್ಸ್ ಬೇಕಾಗಿಲ್ಲ. ಎಲ್ಲಿ ಕಲಿತ್ರಿ ಅಂತ ಕೇಳ್ಲಿಕ್ಕೆ ನಾಚಿಕೆ ಬೇಡ. ನಿಮ್ಮ ಶುಗರ್ ರಿಪೋರ್ಟ್ ಕೇಳುವ ಮೊದಲೇ ಪ್ರೋಟೀನ್ ಡಬ್ಬಿ ತೋರಿಸಿದ್ರೆ ಅವರು ನಿಮ್ಮನ್ನು ಗಿರಾಕಿಯಾಗಿ ನೋಡ್ತಿದ್ದಾರೆ ಅಂತ ಅರ್ಥ.

ಹಾಂ, ಬಿ.ಸಿ. ರೋಡ್ ಸುತ್ತಮುತ್ತ ಒಳ್ಳೆ ಲೇಡಿ ಟ್ರೈನರ್ ಯಾರಾದ್ರೂ ಗೊತ್ತಿದ್ರೆ ನನಗೆ ವಾಯ್ಸ್ ನೋಟ್ ಹಾಕಿ, ಅವರಿಗೆ ದಾಟಿಸ್ತೇನೆ. ಮಳೆ ಜೋರಾದ ಮೇಲೆ ಮನೆಯೊಳಗೆ ಎಂತ ಮಾಡುದು ಅಂತ ತುಂಬ ಜನ ಕೇಳಿದ್ದೀರಿ, ಅದು ಮುಂದಿನ ವಾರ.