ಖಾಲಿ ಜಾಗ ಅಂತ ಹೇಳಿದ್ದು ಯಾರು?



ಬೆಂಗಳೂರಿನ ಸುತ್ತಮುತ್ತ ನಾಲ್ಕು ಎಕರೆ ಬಯಲು ಕಂಡರೆ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? ‘ಅಯ್ಯೋ, ಇಷ್ಟೊಂದು ಜಾಗ ಖಾಲಿ ಬಿದ್ದಿದೆಯಲ್ಲ!’ ನಾನು ಎಂಜಿನಿಯರಿಂಗ್ ಓದಿದವನು. ಬಯಲು ಕಂಡ ಕೂಡಲೇ ನನ್ನ ತಲೆಯಲ್ಲೂ ರಸ್ತೆ, ಚರಂಡಿ, ಸೈಟುಗಳ ನಕ್ಷೆ ಮೂಡುತ್ತಿತ್ತು. ಆ ಚಟ ಬಿಡಿಸಿದ್ದು ಹೆಸರಘಟ್ಟದ ಹುಲ್ಲುಗಾವಲು, ಮತ್ತು ಅಲ್ಲಿಗೆ ಬರುವ ಒಂದು ಹಕ್ಕಿ.

ಅದರ ಹೆಸರು ಪ್ಯಾಲಿಡ್ ಹ್ಯಾರಿಯರ್. ಗಿಡುಗದಂಥ ಬೇಟೆಹಕ್ಕಿ. ತೂಕ ಅರ್ಧ ಕೆಜಿ ಒಳಗೆ. ಕಜಕಸ್ತಾನ, ರಷ್ಯಾದ ಬಯಲುಗಳಲ್ಲಿ ಮರಿ ಮಾಡಿ, ಸಾವಿರಾರು ಕಿಲೋಮೀಟರ್ ಹಾರಿ, ಚಳಿಗಾಲ ಕಳೆಯೋಕೆ ನಮ್ಮಲ್ಲಿಗೆ ಬರುತ್ತೆ. ಮಿಡತೆ, ಇಲಿ, ಸಣ್ಣ ಹಕ್ಕಿ ಹಿಡಿದು ತಿನ್ನುತ್ತೆ. ಕತ್ತಲಾದರೆ ಹುಲ್ಲಿನ ನಡುವೆ ನೆಲದ ಮೇಲೇ ತಂಗುತ್ತೆ. ಹುಲ್ಲು ಹೋದರೆ ಅದಕ್ಕೆ ಊಟವೂ ಇಲ್ಲ, ಹಾಸಿಗೆಯೂ ಇಲ್ಲ.

ಐಯುಸಿಎನ್ ಸಂಸ್ಥೆ ಈ ಹಕ್ಕಿಯನ್ನು ‘ಅಪಾಯಕ್ಕೆ ಸಮೀಪ’ ಅನ್ನುವ ಪಟ್ಟಿಯಲ್ಲಿ ಇಟ್ಟಿದೆ. ಅಂದರೆ ಇನ್ನೂ ಟೈಮ್ ಇದೆ ಅಂತ ಅರ್ಥ. ಟೈಮ್ ಕಳೆದರೆ ಏನಾಗುತ್ತೆ? ರಾಣೆಬೆನ್ನೂರು ನೋಡಿ. 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಆದ ಆ ಬಯಲಲ್ಲಿ ಎರೆಭೂತ ಹಕ್ಕಿಯೂ ಇತ್ತು. ಅಲ್ಲಿ ಸಾಲುಸಾಲಾಗಿ ನೀಲಗಿರಿ ಬೆಳೆಸಿದೆವು. ಮರ ಬಂತು, ಎರೆಭೂತ ಹೋಯ್ತು. ಗಿಡ ನೆಡೋದು ಪುಣ್ಯದ ಕೆಲಸ, ಸರಿ. ಆದರೆ ಹುಲ್ಲುಗಾವಲಿನಲ್ಲಿ ನೆಟ್ಟರೆ ಅದು ಇನ್ನೊಬ್ಬರ ಮನೆಗೆ ನುಗ್ಗಿದ ಹಾಗೆ.

ಹೆಸರಘಟ್ಟಕ್ಕೆ ಬರೋಣ. 2020ರಲ್ಲಿ ಅಲ್ಲಿ ಫಿಲ್ಮ್ ಸಿಟಿ ಮಾಡುವ ಮಾತು ಬಂತು. 2021ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಮಾಡುವ ಪ್ರಸ್ತಾಪವನ್ನು ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತು. 2022ರಲ್ಲಿ ಅದೇ ಮಂಡಳಿ ಒಪ್ಪಿಕೊಂಡಿತು. ಅದೇ ಹುಲ್ಲು, ಅದೇ ಹಕ್ಕಿ. ಬದಲಾಗಿದ್ದು ನೋಡುವವರ ಕಣ್ಣು ಮಾತ್ರ!

ಊರಿನವರಿಗೆ ಒಂದು ಭಯ ಇದೆ. ‘ನಮ್ಮ ದನ ಎಲ್ಲಿ ಮೇಯಬೇಕು?’ ನ್ಯಾಯವಾದ ಪ್ರಶ್ನೆ. ಹುಲ್ಲುಗಾವಲು ಹಕ್ಕಿಗಷ್ಟೇ ಅಲ್ಲ, ದನಕ್ಕೂ ಬೇಕು. ಇಂಥ ಮೀಸಲು ಪ್ರದೇಶವನ್ನು ಸರ್ಕಾರಿ ಜಮೀನಿನಲ್ಲಿ, ಸ್ಥಳೀಯರ ಜೊತೆ ಮಾತಾಡಿಯೇ ಮಾಡಬೇಕು ಅಂತ ಕಾನೂನೇ ಹೇಳುತ್ತೆ. ಆ ಮಾತುಕತೆ ಹಳ್ಳಿಕಟ್ಟೆಯ ಮೇಲೆ ಆಗಲಿ. ದನಕ್ಕೆ ಜಾಗ ಬಿಡೋದು ಕಷ್ಟವಲ್ಲ. ಕಟ್ಟಡ ಎದ್ದರೆ ದನಕ್ಕೂ ಜಾಗವಿಲ್ಲ, ಹಕ್ಕಿಗೂ ಇಲ್ಲ.

ಇನ್ನೊಂದು ಲೆಕ್ಕ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಕೊಟ್ಟಿದ್ದು ಇದೇ ಹೆಸರಘಟ್ಟದ ಕೆರೆ. ಬಿದ್ದ ಮಳೆಯನ್ನು ತಡೆದು ಇಂಗಿಸೋದು ಸುತ್ತಲಿನ ಬಯಲು. ಅದರ ಮೇಲೆ ಕಾಂಕ್ರೀಟ್ ಸುರಿದು, ಆಮೇಲೆ ಟ್ಯಾಂಕರ್‌ಗೆ ಫೋನ್ ಮಾಡೋದು ಯಾವ ಬುದ್ಧಿವಂತಿಕೆ?

ಸಾವಿರಾರು ಕಿಲೋಮೀಟರ್ ದೂರದಿಂದ ಬರುವ ಹಕ್ಕಿಗೆ ಅದು ಯಾರದೋ ಖಾಲಿ ಜಾಗ ಅಲ್ಲ, ತನ್ನ ಮನೆ ಅಂತ ಗೊತ್ತಿದೆ. ಪಕ್ಕದಲ್ಲೇ ಇರುವ ನಮಗೆ ಗೊತ್ತಾಗಬೇಡವೇ?

ಯೋಚನೆ ಮಾಡಿ.