ವಿಳಾಸವಿಲ್ಲದ ಮುಪ್ಪು

(ಪುರಭವನದಲ್ಲಿ ನೆರೆದ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದು ರಾತ್ರಿ ಹತ್ತು ಗಂಟೆಯ ಮೇಲೆ ನಮ್ಮೂರ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಕಡೆಯ ಬಸ್ಸು ಹೊರಟ ಮೇಲೂ ಕೆಲವರು ಉಳಿದಿರುತ್ತಾರೆ. ಅವರು ಪ್ರಯಾಣಿಕರಲ್ಲ. ತಲೆಯಡಿ ಗಂಟಿಟ್ಟುಕೊಂಡು ಕಟ್ಟೆಯ ಮೇಲೆ ಮಲಗುವ ಮುದುಕರು, ಮುದುಕಿಯರು. ಹೋಟೆಲಿನಲ್ಲಿ ಲೋಟ ತೊಳೆದವರು, ಮಂಡಿಯಲ್ಲಿ ಮೂಟೆ ಹೊತ್ತವರು, ಇನ್ನೊಬ್ಬರ ಮಕ್ಕಳನ್ನು ಎತ್ತಿ ಆಡಿಸಿದವರು. ಮೈಯಲ್ಲಿ ಕಸುವಿದ್ದಾಗ ಊರು ಅವರನ್ನು ದುಡಿಸಿಕೊಂಡಿತು. ಕಸುವು ಮುಗಿದ ದಿನ ಕೂಲಿಯ ಜೊತೆಗೆ ಮಲಗುವ ಮೂಲೆಯೂ ಹೋಯಿತು.

2011ರ ಫೆಬ್ರವರಿ 28ರ ರಾತ್ರಿ ಜನಗಣತಿಯವರು ಮನೆಯಿಲ್ಲದವರನ್ನು ಎಣಿಸಿದರು. ದೇಶದಲ್ಲಿ 17 ಲಕ್ಷ 73 ಸಾವಿರ. ಕರ್ನಾಟಕದಲ್ಲಿ 76 ಸಾವಿರಕ್ಕೂ ಮಿಕ್ಕಿ. ಇದು ಒಂದೇ ರಾತ್ರಿಯ ಎಣಿಕೆ. ಸೇತುವೆಯ ಕೆಳಗೆ, ಅಂಗಡಿಯ ಹಿಂದೆ ಮಲಗಿದವರೆಲ್ಲ ಕಣ್ಣಿಗೆ ಬಿದ್ದಿರುತ್ತಾರೆಯೇ?

ಕಾನೂನು ಇಲ್ಲವೇ ಎಂದು ಕೇಳುತ್ತೀರಿ. ಇದೆ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯ 19ನೆಯ ಕಲಮು ಜಿಲ್ಲೆಗೊಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಜಾಗ ಎನ್ನುತ್ತದೆ. ಆದರೆ ಸರ್ಕಾರ ಅದನ್ನು 'ಸ್ಥಾಪಿಸಬಹುದು' ಎಂದಿದೆ, 'ಸ್ಥಾಪಿಸತಕ್ಕದ್ದು' ಎಂದಿಲ್ಲ. ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವರು ನಾವು. ಒಂದು ಕ್ರಿಯಾಪದದ ರೂಪ ಇಷ್ಟು ಜನರನ್ನು ಬೀದಿಯಲ್ಲಿ ಮಲಗಿಸಬಲ್ಲದೆಂದು ಆಗ ತಿಳಿದಿರಲಿಲ್ಲ. ತೆರಿಗೆಯ ಮಾತು ಬಂದಾಗ 'ಕಟ್ಟಬಹುದು' ಎಂದು ಯಾರಾದರೂ ಬರೆದಿದ್ದಾರೆಯೇ? 1975ರ ರಾಜ್ಯದ ಭಿಕ್ಷಾಟನೆ ನಿಷೇಧ ಕಾಯಿದೆಯ ಮೇರೆಗೆ ನಿಮ್ಮ ಮನೆ ಕಂದಾಯದ ಮೇಲೆ ನೂರಕ್ಕೆ 3ರಂತೆ ಉಪಕರ ವಸೂಲಾಗುತ್ತದೆ. ಹಣ ಕೊಡುವವರು ನಾವು. ಕೇಳುವ ಹಕ್ಕೂ ನಮ್ಮದೇ.

ಆ ಕಾಯಿದೆ ಹಿಡಿದು ತಂದು ಕೂಡಿಹಾಕುವ ದಾರಿ. ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಸಂಭವಿಸಿದ ಸಾವುಗಳ ಮೇಲೆ ಸಾವುಗಳನ್ನು ನಾಡು ಮರೆಯಬಾರದು. ವ್ಯಾನು ಕಂಡರೆ ಮುದುಕರು ಓಡುವುದು ಸುಮ್ಮನೆ ಅಲ್ಲ.

ಇನ್ನೊಂದು ದಾರಿಯನ್ನು ಸುಪ್ರೀಂ ಕೋರ್ಟು 2010ರಲ್ಲಿ ತೋರಿಸಿತು: ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲಿರುಳೂ ತೆರೆದಿರುವ ಆಶ್ರಯಧಾಮ. 2013ರಲ್ಲಿ ಇದಕ್ಕೆ ಕೇಂದ್ರದ ಯೋಜನೆಯೂ ಹೊರಟಿತು. ಆದರೆ ಸೂರು ಮಾತ್ರ ಸಾಲದು. ಇದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು.

ಹೋಟೆಲಿನಲ್ಲಿ ದುಡಿದು ಮುದುಕನಾದ ಒಬ್ಬರಿಗೆ ಸಂಧ್ಯಾ ಸುರಕ್ಷಾ ಮಾಸಾಶನದ ಅರ್ಜಿ ತುಂಬಿದೆವು. 'ವಿಳಾಸ' ಎಂಬಲ್ಲಿ ಲೇಖನಿ ನಿಂತಿತು. ಹಳೆಯ ಹೋಟೆಲಿನ ವಿಳಾಸವನ್ನೇ ಬರೆದೆವು. ವಿಚಾರಣೆಗೆ ಬಂದವರಿಗೆ ಅಲ್ಲಿ 'ಅಂಥವರು ಯಾರೂ ಇಲ್ಲ' ಎಂದರು. ಅರ್ಜಿ ವಜಾ ಆಯಿತು. ಆ ಹಿರಿಯರು ನಮ್ಮನ್ನು ಬಯ್ಯಲಿಲ್ಲ. "ಮೇಷ್ಟ್ರೇ, ಬಸ್ ಸ್ಟ್ಯಾಂಡು ಅಂತಲೇ ಬರೀಬೇಕಾಗಿತ್ತು" ಎಂದರು, ಅಷ್ಟೆ.

ಅಂಗೀಕೃತ ಆಶ್ರಯಧಾಮದ ಮುಖ್ಯಸ್ಥರು ಕೊಡುವ ಪತ್ರವನ್ನು ಆಧಾರ್‌ಗೆ ವಿಳಾಸದ ದಾಖಲೆಯಾಗಿ ಒಪ್ಪುವ ಅವಕಾಶವಿದೆ. ಆ ಒಂದು ಪತ್ರದಿಂದ ಆಧಾರ್, ಅದರಿಂದ ಬ್ಯಾಂಕ್ ಖಾತೆ, ಅದರಿಂದ ಮಾಸಾಶನ. ಬೀದಿಗೂ ಮನೆಗೂ ನಡುವೆ ಹೀಗೆ ಮೆಟ್ಟಿಲು ಕಟ್ಟುವ ತಂಗುಮನೆ ನಮಗೆ ಬೇಕು.

ಲೆಕ್ಕ ಕೇಳಿ. 2021ರಲ್ಲಿ ಈ ಮಾಸಾಶನ 1,200 ರೂಪಾಯಿಗೆ ಏರಿತು. ಅಂದರೆ ದಿನಕ್ಕೆ 40. ಅಷ್ಟರಲ್ಲಿ ಊಟ ಮಾಡುವುದೋ, ಔಷಧಿ ಕೊಳ್ಳುವುದೋ, ಕೋಣೆಗೆ ಬಾಡಿಗೆ ಕೊಡುವುದೋ? ಆದ್ದರಿಂದ ತಂಗುಮನೆಯಿಂದ ಮುಂದಿನ ನೆಲೆಯನ್ನೂ ಊರೇ ಗೊತ್ತುಮಾಡಬೇಕು. ನಡೆದಾಡಬಲ್ಲವರಿಗೆ ಪುರಸಭೆಯ ಸಣ್ಣ ಕೋಣೆ. ಹಾಸಿಗೆ ಹಿಡಿದವರಿಗೆ ವೃದ್ಧಾಶ್ರಮ. ಮಕ್ಕಳ ಬಳಿ ಹೋಗಬಯಸುವವರಿಗೆ, ಅವರು ಬಯಸಿದರೆ ಮಾತ್ರ, ಸಂಧಾನ.

ನಮ್ಮ ಬೇಡಿಕೆಗಳು ಇಷ್ಟು. ತಂಗುಮನೆಯಲ್ಲಿ ವೃದ್ಧರಿಗೆ ಬೇರೆ ಕೋಣೆ, ತಗ್ಗು ಮಂಚ, ಹತ್ತಿರದಲ್ಲೇ ದೀಪವಿರುವ ಪಾಯಿಖಾನೆ ಇರಲಿ. ಬೆಳಗಾದೊಡನೆ ಅವರನ್ನು ಹೊರಗೆ ಕಳಿಸಬಾರದು. ವಾರಕ್ಕೊಮ್ಮೆ ಸರ್ಕಾರಿ ಆಸ್ಪತ್ರೆಯ ವೈದ್ಯರು ಬರಲಿ. ಸೇರಿದ ವಾರದೊಳಗೆ ವಿಳಾಸದ ಪತ್ರ ಕೈಗೆ ಬರಲಿ. ಉಪಕರದ ಲೆಕ್ಕವನ್ನು ಪುರಸಭೆ ಸಾರ್ವಜನಿಕರ ಮುಂದಿಡಲಿ.

ಈ ಮನವಿಗೆ ಹೊರಡುವ ಮುನ್ನ ಸಹಿ ಹಾಕಿ. ಮೊದಲ ಹೆಬ್ಬೆಟ್ಟು ಆ ಹೋಟೆಲಿನ ಹಿರಿಯರದು. ಈ ಸಲ ವಿಳಾಸದ ಜಾಗದಲ್ಲಿ ನಿಜವನ್ನೇ ಬರೆದಿದ್ದೇವೆ: ಬಸ್ ನಿಲ್ದಾಣ.