ಕೈಬಿಡದವರು



ವೀರರೆಂದರೆ ಯಾರು ಎಂಬ ಪ್ರಶ್ನೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಈ ಸೀಮೆಗೆ ಪುಸ್ತಕದ ಪ್ರಶ್ನೆಯಲ್ಲ. ನಸುಕಿನಲ್ಲಿ ಇಲ್ಲಿನ ಯಾವ ರಸ್ತೆಗೆ ಬಂದರೂ ಸೇನಾ ಭರ್ತಿಗಾಗಿ ಓಡುವ ಹುಡುಗರು ಸಿಗುತ್ತಾರೆ. ಜುಗುಳದಿಂದ ಹೊಳೆ ದಾಟಿದರೆ ಶಿರೋಳ ತಾಲೂಕಿನ ಒಂದು ಊರಿಗೆ ಸೈನಿಕ ಟಾಕಳಿ ಎಂದೇ ಹೆಸರು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಆ ದಳದ ಧ್ಯೇಯವಾಕ್ಯ ಮೂರೇ ಮಾತು: ಕರ್ತವ್ಯ, ಮಾನ, ಸಾಹಸ. ಸಾಹಸಕ್ಕೆ ಅಲ್ಲಿ ಸಿಕ್ಕಿರುವುದು ಮೂರನೆಯ ಜಾಗ. ಸಭೆ ಸಮಾರಂಭಗಳಲ್ಲಿ ನಾವು ಮೊದಲು ಹೊಗಳುವುದು ಅದನ್ನೇ. ಸೈನಿಕರೇ ಅದನ್ನು ಕೊನೆಗೆ ಇಟ್ಟದ್ದೇಕೆ ಎಂದು ಈ ಎರಡು ದಿನದ ವಿಚಾರ ಸಂಕಿರಣದಲ್ಲಿ ಕೂಡಿ ಯೋಚಿಸಬೇಕೆಂಬುದು ನನ್ನ ಆಶಯ.

ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯೋಣ. ಕುಂದಗೋಳ ತಾಲೂಕಿನ ಬೆಟದೂರಿನವರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿ, ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಆರನೆಯ ದಿನ ಹನುಮಂತಪ್ಪ ಜೀವಂತ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರಣೋತ್ತರವಾಗಿ ಸೇನಾ ಪದಕ ಬಂತು. ಆ ವಾರ ಅಲ್ಲಿ ಯಾರೂ ಗುಂಡು ಹಾರಿಸಿ ಗೆಲ್ಲಲಿಲ್ಲ. ಉಸಿರಾಡುವುದೇ ಕಷ್ಟವಾದ ಆ ಎತ್ತರದಲ್ಲಿ, ಒಳಗಿದ್ದವರು ಬದುಕಿರಲಾರರು ಎಂದು ಎಲ್ಲರೂ ನಂಬಿದ ಮೇಲೂ, ಜೊತೆಗಾರರು ಹಿಮ ಅಗೆಯುವುದನ್ನು ನಿಲ್ಲಿಸಲಿಲ್ಲ. ಅಗೆದವರ ಹೆಸರು ನಮ್ಮವರೆಗೆ ಬರಲೇ ಇಲ್ಲ. ಅವರ ಜೊತೆಗಿದ್ದ ಡಾಟ್ ಮತ್ತು ಮಿಶಾ ಎಂಬ ನಾಯಿಗಳ ಹೆಸರು ಪತ್ರಿಕೆಗಳಲ್ಲಿ ಬಂತು.

ನಾಯಿಯ ಹೆಸರು ಬಂದದ್ದಕ್ಕೆ ನನಗೆ ಸಂತೋಷವೇ ಇದೆ, ಏಕೆಂದರೆ ಕನ್ನಡ ನಾಡು ಒಂದು ಸಾವಿರ ವರ್ಷದ ಹಿಂದೆಯೇ ಆ ಕೆಲಸ ಮಾಡಿದೆ. ಕ್ರಿ.ಶ. 949–50ರ ಆತಕೂರು ಶಾಸನವನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಚೋಳರ ಮೇಲಿನ ಯುದ್ಧದಲ್ಲಿ ಮೆರೆದ ಮಣಲೆರನೆಂಬ ಯೋಧನಿಗೆ ಅವನ ಒಡೆಯ ಬೇಕಾದ್ದು ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಕಾಡುಹಂದಿಯೊಂದಿಗೆ ಹೋರಾಡಿ ಸತ್ತಿತು. ಅದಕ್ಕೊಂದು ವೀರಗಲ್ಲು ನಿಂತಿತು, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು.

ವೀರಗಲ್ಲುಗಳೆಂದರೆ ಅರಸರಿಗಾಗಿ ಸತ್ತವರ ಗುರುತು ಮಾತ್ರ ಎಂದು ಹಲವರು ಭಾವಿಸಿದ್ದಾರೆ. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಓದಿದವರಿಗೆ ಹಾಗೆ ಅನಿಸದು. ಕಳ್ಳರು ದನದ ಹಿಂಡನ್ನು ಹೊಡೆದುಕೊಂಡು ಹೋಗುವುದು ತುರುಗೋಳ್, ಆ ಹಿಂಡನ್ನು ಬಿಡಿಸಲು ಹೋದವರಿದ್ದಾರೆ. ಹೆಣ್ಣುಮಕ್ಕಳ ಕೂಗು ಕೇಳಿ ಓಡಿಬಂದವರಿದ್ದಾರೆ, ಅದು ಪೆಣ್ಬುಯ್ಯಲ್. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಎಷ್ಟು ಜನರನ್ನು ಕೊಂದ ಎಂಬುದಕ್ಕಿಂತ ಯಾರಿಗಾಗಿ ನಿಂತ ಎಂಬುದೇ ಈ ಕಲ್ಲುಗಳಿಗೆ ದೊಡ್ಡದು. ಓಡಿಹೋಗಲು ದಾರಿಯಿದ್ದವನು, ತನಗಿಂತ ಅಸಹಾಯಕರಾದವರ ಕೈಬಿಡದೆ ನಿಂತ. ನನ್ನ ಮಟ್ಟಿಗೆ ವೀರತ್ವವೆಂದರೆ ಇಷ್ಟೇ. ಊರು ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳುತ್ತಲೂ ಇರಲಿಲ್ಲ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಹೊಲ ಬಿಡುತ್ತಿದ್ದರು.

ಈಗ ನಮ್ಮ ಹೊಳೆದಂಡೆಗೆ ಬರುತ್ತೇನೆ. 2019ರ ಆಗಸ್ಟ್‌ನ ಮಹಾಪೂರವನ್ನು ಇಲ್ಲಿ ಯಾರಿಗೂ ನೆನಪಿಸಬೇಕಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೆ ಉಕ್ಕಿದವು. ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿ ಮುಳುಗಿತು, ಕುಡಚಿ–ಉಗಾರ ಸೇತುವೆ ನೀರಿನಡಿ ಹೋಯಿತು. ಸೇನೆ ಬಂತು, ಎನ್‌ಡಿಆರ್‌ಎಫ್ ಬಂತು. ಆದರೆ ಹೊರಗಿನಿಂದ ಬಂದವರಿಗೆ ನೀರಿನಡಿ ಬಾವಿ ಎಲ್ಲಿದೆ, ತಂತಿಬೇಲಿ ಎಲ್ಲಿದೆ, ಯಾವ ತೋಟದ ವಸತಿಯಲ್ಲಿ ಬಾಣಂತಿ ಇದ್ದಾಳೆ ಎಂದು ಹೇಗೆ ಗೊತ್ತಾಗಬೇಕು? ಅದನ್ನು ಬಲ್ಲವರು ಊರವರು. ಬೋಟು ಹತ್ತಿ ದಾರಿ ತೋರಿಸಿದವರಿಗೆ ಸಮವಸ್ತ್ರ ಇರಲಿಲ್ಲ, ವಿಮೆ ಇರಲಿಲ್ಲ.

“ದನಾ ಬಿಟ್ಟು ನಾ ಬರಂಗಿಲ್ರಿ” ಎಂಬ ಮಾತು ಹೊಳೆಸಾಲಿನ ಊರುಗಳಿಗೆ ಹೊಸದಲ್ಲ. ಅಧಿಕಾರಿಗಳಿಗೆ ಅದು ಹಟ. ನನಗೆ ಅದರಲ್ಲಿ ತುರುಗೋಳಿನ ವೀರನ ದನಿಯೇ ಕೇಳುತ್ತದೆ. ಹಾಗೆಂದು ಅದನ್ನು ಬರಿದೇ ಹೊಗಳಲಾರೆ. ಹಾಗೆ ಉಳಿದ ಒಬ್ಬರಿಗಾಗಿ ಬೋಟಿನ ಜವಾನ ಎರಡನೆಯ ಸಲ ಸೆಳವಿಗೆ ಇಳಿಯಬೇಕಾಗುತ್ತದೆ. 2005ರ ಪ್ರವಾಹವನ್ನೂ ಕಂಡ ಸೀಮೆ ಇದು. ದನಗಳಿಗೆ ಎತ್ತರದ ಜಾಗ, ಮೇವು, ಸಾಗಿಸಲು ಟ್ರಾಕ್ಟರ್ ಮಳೆಗಾಲಕ್ಕೆ ಮೊದಲೇ ಗೊತ್ತಾಗಿದ್ದರೆ ಇಬ್ಬರ ಜೀವವೂ ಪಣಕ್ಕೆ ಬೀಳುವುದಿಲ್ಲ. ಆಡಳಿತಶಾಸ್ತ್ರದ ಮಿತ್ರರು ಇದನ್ನು ವಿವರವಾಗಿ ಚರ್ಚಿಸಲಿ.

ಪ್ರವಾಹದಲ್ಲಿ ಧೈರ್ಯ ಬೇಕಾಗುವುದು ಕೆಲವು ದಿನ. ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರಿಗೆ ಅದು ದಶಕಗಟ್ಟಲೆ ಬೇಕಾಯಿತು. ಏಳನೆಯ ವಯಸ್ಸಿಗೆ ಅವರನ್ನು ದೇವದಾಸಿಯಾಗಿ ಬಿಟ್ಟರು. ಹೀಗೆ ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1982ರಲ್ಲೇ ಮಾಡಿತ್ತು. ಕಾಯ್ದೆ ತಾನಾಗಿ ಯಾರ ಮನೆಗೂ ನಡೆದು ಹೋಗುವುದಿಲ್ಲ. 1997ರಲ್ಲಿ ಹುಟ್ಟಿದ ಮಾಸ್ ಸಂಸ್ಥೆಯ ಮೂಲಕ ಸೀತವ್ವ ಮತ್ತು ಅವರಂಥ ಹೆಣ್ಣುಮಕ್ಕಳು ಮನೆಮನೆಗೆ ಹೋದರು, ಇನ್ನೊಂದು ಮಗುವಿನ ಕೊರಳಿಗೆ ಮುತ್ತು ಬೀಳದಂತೆ ಅಡ್ಡ ನಿಂತರು. 2018ರಲ್ಲಿ ಸೀತವ್ವ ಅವರಿಗೆ ಪದ್ಮಶ್ರೀ ಬಂತು. ಗಡಿಯಲ್ಲಿ ಎದುರಾಳಿ ಆಚೆ ಇರುತ್ತಾನೆ. ಇವರ ಎದುರು ಇದ್ದವರು ಹೆತ್ತವರು, ಬಂಧುಗಳು, ಓಣಿಯ ಹಿರಿಯರು. ಜಗಳವಾಡಿದ ಮರುದಿನ ಅದೇ ಓಣಿಯಲ್ಲಿ ಕೊಡ ಹಿಡಿದು ನೀರಿಗೆ ಹೋಗಬೇಕು. ಇದಕ್ಕಿಂತ ಕಠಿಣವಾದ ಧೈರ್ಯವನ್ನು ನಾನು ಕಂಡಿಲ್ಲ.

ದೇಶದ ಪದಕಗಳೂ ಈ ಎರಡು ಬಗೆಯ ಧೈರ್ಯವನ್ನು ಗುರುತಿಸುತ್ತವೆ. ಪರಮವೀರ ಚಕ್ರ ಶತ್ರುವಿನೆದುರಿನ ಶೌರ್ಯಕ್ಕೆ. ಅಶೋಕ ಚಕ್ರ ರಣರಂಗದ ಹೊರಗಿನ ಶೌರ್ಯಕ್ಕೆ, ಅದು ನೀರಜಾ ಭನೋಟ್ ಅವರಂಥ ನಾಗರಿಕರಿಗೂ ಸಂದಿದೆ. ಇನ್ನೊಬ್ಬರ ಜೀವ ಉಳಿಸಿದವರಿಗೆ ಜೀವನ ರಕ್ಷಾ ಪದಕ 1961ರಿಂದಲೇ ಇದೆ. ನಮ್ಮ ಐದು ತಾಲೂಕುಗಳಿಂದ ಅದಕ್ಕೆ ಹೆಸರು ಕಳಿಸಬೇಕೆಂದು ಎಷ್ಟು ಗ್ರಾಮ ಪಂಚಾಯಿತಿಗಳಿಗೆ ಹೊಳೆದಿದೆ?

ನೆತ್ತರುಗೊಡಗೆಯ ಮಾತಿಗೆ ಮರಳುತ್ತೇನೆ. ಹುತಾತ್ಮ ಯೋಧನ ಪಾರ್ಥಿವ ಶರೀರ ಬಂದ ದಿನ ಊರಿಗೆ ಊರೇ ಸೇರುತ್ತದೆ. ಆಮೇಲೆ ಅವನ ಹೆಂಡತಿ ವಾರಸಾ ಕಾಗದ ಹಿಡಿದು ಕಚೇರಿಯ ಕಟ್ಟೆಯ ಮೇಲೆ ಕೂತಾಗ ಜೊತೆಗೆ ಯಾರಿರುತ್ತಾರೆ? ಬದುಕಿ ಮರಳುವವರ ಮಾತೂ ಇದೆ: ಸೇನಾ ಭರ್ತಿಯ 2022ರ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ನಂತರ ಸೇನೆಯಲ್ಲಿ ಉಳಿಯುವವರು ಹೆಚ್ಚೆಂದರೆ ಶೇ 25. ನಸುಕಿನಲ್ಲಿ ಓಡಿ ಭರ್ತಿಯಾದ ಹುಡುಗರಲ್ಲಿ ಬಹುಪಾಲು ಮಂದಿ ಇಪ್ಪತ್ತರ ಹರೆಯದಲ್ಲೇ ಮನೆಗೆ ಮರಳುತ್ತಾರೆ. ಅವರ ಮುಂದಿನ ಬದುಕಿನ ಬಗ್ಗೆ ಊರು ಇನ್ನೂ ಮಾತೇ ಆರಂಭಿಸಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಮುಂದಿನ ಮಳೆಗಾಲದಿಂದ ನಿಮ್ಮ ನಿಮ್ಮ ಊರಿನಲ್ಲಿ ಜೀವ ಉಳಿಸಿದವರ ಹೆಸರು, ದಿನಾಂಕ, ಜಾಗ, ಕಣ್ಣಾರೆ ಕಂಡವರ ಹೇಳಿಕೆ ಬರೆದಿಡಿ. ಪದಕಕ್ಕೆ ತಕ್ಕ ಪ್ರಕರಣಗಳನ್ನು ಜಿಲ್ಲಾಡಳಿತಕ್ಕೆ ತಲುಪಿಸುವ ಹೊಣೆಯನ್ನು ಅಧ್ಯಾಪಕರು ಹೊರಲಿ. ಸಂಘಟಕರಲ್ಲಿಯೂ ಒಂದು ಕೋರಿಕೆ: 2019ರಲ್ಲಿ ಬೋಟು ಹತ್ತಿ ಹೋದವರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮೊದಲ ಗೋಷ್ಠಿಯಲ್ಲಿ ಪ್ರಬಂಧಗಳಿಗೆ ಮುಂಚೆ ಅವರಿಗೆ ಮೈಕು ಕೊಡಿ.